ಗೋಮುಖ ಇದ್ದ ಜಾಗ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೇವರ ಗೂಡಿನ ಮೂಲೆಯಲ್ಲಿ ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಯೊಂದು ಇರುತ್ತಿತ್ತು. ಕಾಶಿಗೆ ಹೋಗಿಬಂದವರು ತಂದದ್ದು. ಮನೆಯ ಹಿರಿಯರಿಗೆ ಕೊನೆಯ ಗುಟುಕು ಬಿಡುವ ಹೊತ್ತು ಬಂದಾಗಲೇ ಅದರ ಬಾಯಿ ಬಿಚ್ಚುವುದು. ಅಲ್ಲಿಯವರೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ವರ್ಷಗಟ್ಟಲೆ ಕೂತಿರುತ್ತಿತ್ತು. ಆ ನೀರು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ಅಜ್ಜಿ ಶಿವನ ಜಟೆಯಲ್ಲಿ ಎನ್ನುತ್ತಿದ್ದಳು, ಭೂಗೋಳದ ಮೇಷ್ಟ್ರು ಗಂಗೋತ್ರಿಯ ಆಚೆ ಗೋಮುಖದಲ್ಲಿ ಎನ್ನುತ್ತಿದ್ದರು. ಇಬ್ಬರಿಗೂ ಒಂದು ವಿಷಯದಲ್ಲಿ ಅನುಮಾನವಿರಲಿಲ್ಲ. ಆ ಜಾಗ ಅಲ್ಲೇ ಇದೆ, ಅಲ್ಲೇ ಇರುತ್ತದೆ.

ಹಿಮಾಲಯವನ್ನು ಹಾಗೆ ನಂಬಿಯೇ ಬೆಳೆದವರು ನಾವು. ಗೀತೆಯ ಕೃಷ್ಣ ಕೂಡ ಅಲುಗಾಡದ ವಸ್ತುಗಳ ಸಾಲಿನಲ್ಲಿ ಹಿಮಾಲಯವನ್ನೇ ಆರಿಸಿಕೊಂಡ. ಭೂವಿಜ್ಞಾನಿಗಳು ಮಾತ್ರ ಒಪ್ಪುವುದಿಲ್ಲ. ಭಾರತದ ನೆಲ ತೇಲಿಬಂದು ಏಷ್ಯಾಕ್ಕೆ ಗುದ್ದಿ ಸುಮಾರು 5 ಕೋಟಿ ವರ್ಷ ಆಯಿತಷ್ಟೆ, ಆ ಗುದ್ದು ಇನ್ನೂ ನಿಂತಿಲ್ಲ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ. ಅದರ ಎದುರು ಹಿಮಾಲಯ ಮೊನ್ನೆ ಹುಟ್ಟಿದ ಕೂಸು. ಆದರೆ ಬೆಟ್ಟ ಏಳುವುದನ್ನು ಕಣ್ಣಿಂದ ಕಂಡವರಿಲ್ಲ, ಹಾಗಾಗಿ ಈ ತಕರಾರು ಪುಸ್ತಕದಲ್ಲೇ ಉಳಿಯಿತು. ನಾನು ಹೇಳಹೊರಟಿರುವುದು ಒಂದೇ ಆಯುಸ್ಸಿನಲ್ಲಿ ಕಣ್ಣಿಗೆ ಬಿದ್ದ ಚಲನೆಯನ್ನು.

ಗಂಗೋತ್ರಿ ಹಿಮನದಿ ಚೌಖಂಬಾ ಶಿಖರದ ಬುಡದಲ್ಲಿ ಹುಟ್ಟಿ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಬರುತ್ತದೆ. ಚೌಖಂಬಾ 7138 ಮೀಟರ್ ಎತ್ತರ. ಹಿಮನದಿಯ ಮೂತಿ ಇರುವುದು 4000 ಮೀಟರಿನ ಆಸುಪಾಸಿನಲ್ಲಿ. ಆ ಮೂತಿಯ ಗವಿಯಿಂದ ಭಾಗೀರಥಿ ಹೊರಬೀಳುತ್ತಾಳೆ. ಅದೇ ಗೋಮುಖ. 1817ರಲ್ಲಿ ಹಾಡ್ಜ್‌ಸನ್ ಮತ್ತು ಹರ್ಬರ್ಟ್ ಎಂಬ ಇಬ್ಬರು ಸರ್ವೆ ಅಧಿಕಾರಿಗಳು ಅಲ್ಲಿಗೆ ತಲುಪಿ, ಹಿಮದ ಗೋಡೆಯ ಕೆಳಗಿನ ಕಮಾನಿನಿಂದ ನದಿ ಬರುವುದನ್ನು ಕಂಡು ಬರೆದಿಟ್ಟರು. ಅದಕ್ಕೂ ಎಷ್ಟೋ ಕಾಲ ಮೊದಲಿನಿಂದ ಸಾಧುಗಳು ಅಲ್ಲಿಗೆ ಹೋಗಿಬರುತ್ತಿದ್ದರು, ಅವರು ಬರೆದಿಡಲಿಲ್ಲ. 1866ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಎಂಬಾತ ಗಾಜಿನ ಪ್ಲೇಟುಗಳ ಭಾರೀ ಕ್ಯಾಮೆರಾವನ್ನು ಕೂಲಿಗಳ ಬೆನ್ನ ಮೇಲೆ ಹೊರಿಸಿಕೊಂಡು ಹೋಗಿ ಅದರ ಫೋಟೋ ತೆಗೆದ. 1935ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಜೆ. ಬಿ. ಆಡೆನ್ ಮೂತಿ ಎಲ್ಲಿದೆ ಎಂದು ಅಳೆದು ನಕ್ಷೆ ಮಾಡಿದರು. ಅವರು ಗುರುತು ಹಾಕಿದ ಜಾಗದಿಂದ ಇವತ್ತಿನ ಗೋಮುಖಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ವರ್ಷಕ್ಕೆ ಸರಾಸರಿ 20 ಮೀಟರಿನ ಹತ್ತಿರಹತ್ತಿರ ಹಿಮನದಿ ಬೆಟ್ಟದೊಳಕ್ಕೆ ಹಿಂದಿಂದಕ್ಕೆ ಸರಿದಿದೆ.

ನಾನು ಮೊದಲ ಸಲ ಆ ದಾರಿ ಹಿಡಿದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಕಾಲೇಜಿನ ರಜೆ. ನಮ್ಮ ಬೀದಿಯ ಅಜ್ಜಿಯರ ಯಾತ್ರೆಯ ಗುಂಪಿಗೆ ಸಾಮಾನು ಹೊರಲು, ಟಿಕೆಟ್ಟಿಗೆ ಸಾಲು ನಿಲ್ಲಲು ಒಬ್ಬ ಹುಡುಗ ಬೇಕಾಗಿತ್ತು. ಅವಲಕ್ಕಿ, ಹುರಿಹಿಟ್ಟು, ಮಿಡಿ ಉಪ್ಪಿನಕಾಯಿಯ ಜಾಡಿ, ಒಂದು ಪಂಪ್ ಸ್ಟೋವು. ಹೃಷೀಕೇಶದಿಂದ ಬಸ್ಸು ಹೊರಟರೆ ಹಳೆಯ ಟೆಹ್ರಿ ಊರಿನ ಗಡಿಯಾರ ಗೋಪುರ ಕಾಣುತ್ತಿತ್ತು. ಅಲ್ಲೇ ಊಟಕ್ಕೆ ನಿಲ್ಲಿಸುತ್ತಿದ್ದರು. ಆ ಊರು ಈಗ 260 ಮೀಟರ್ ಎತ್ತರದ ಅಣೆಕಟ್ಟೆಯ ಹಿಂದೆ ನೀರಿನಡಿ ಇದೆ. ಉತ್ತರಕಾಶಿ ದಾಟಿದ ಮೇಲೆ ಗಂಗನಾನಿಯ ಬಿಸಿನೀರಿನ ಕುಂಡದಲ್ಲಿ ಅಜ್ಜಿಯರು ಮನೆಯ ಬಚ್ಚಲೆಂಬಂತೆ ಆರಾಮಾಗಿ ಮಿಂದರು. ಆ ಭಾಗದ ಜನರ ಬಾಯಲ್ಲಿ ಆಗಿನ್ನೂ 1978ರ ಪ್ರವಾಹದ ಮಾತೇ ಮಾತು. ಮೇಲೆ ಕನೋಡಿಯಾ ಗಾಡ್ ಎಂಬ ಹಳ್ಳದ ಹತ್ತಿರ ಗುಡ್ಡ ಕುಸಿದು ಭಾಗೀರಥಿಗೆ ಅಡ್ಡ ಬಿದ್ದು, ಕೆರೆ ಕಟ್ಟಿ, ಕೊನೆಗೆ ಒಡೆದು ಬಂದ ನೆರೆ ಅದು. ಚಾಯ್ ಅಂಗಡಿಯವನು ಗೋಡೆಯ ಮೇಲೆ ನೀರು ಏರಿದ ಎತ್ತರಕ್ಕೆ ಕೈ ಇಟ್ಟು ತೋರಿಸುತ್ತಿದ್ದ.

ಬಸ್ಸು ಹೋಗುತ್ತಿದ್ದದ್ದು ಲಂಕಾ ಎಂಬಲ್ಲಿಯವರೆಗೆ. ಮುಂದೆ ಜಾಡ್ ಗಂಗಾ ಎಂಬ ಉಪನದಿ ಬೆಟ್ಟವನ್ನು ಕೊಡಲಿಯಿಂದ ಸೀಳಿದ ಹಾಗೆ ಕೊರೆದು ಬರುತ್ತದೆ. ಸೇತುವೆ ಇನ್ನೂ ಆಗಿರಲಿಲ್ಲ. ಯಾತ್ರಿಕರು ಈಚೆಯ ಕಡಿದಾದ ದಾರಿಯಲ್ಲಿ ತಳದವರೆಗೂ ಇಳಿದು, ಪುಟ್ಟ ಸಂಕ ದಾಟಿ, ಆಚೆ ಅಷ್ಟೇ ಕಡಿದಾದ ದಾರಿಯಲ್ಲಿ ಭೈರೋಂಘಾಟಿಗೆ ಹತ್ತಬೇಕು. ಅಲ್ಲಿಂದ ಗಂಗೋತ್ರಿಗೆ ಜೀಪು. ದೂರ ಹೆಚ್ಚಿರಲಿಲ್ಲ, ಆದರೆ ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಅದು ಅರ್ಧ ದಿನದ ಕೆಲಸ. ದೇವದಾರು ಮರಗಳು ಎಷ್ಟು ದಟ್ಟವಾಗಿದ್ದವು ಎಂದರೆ ಮಧ್ಯಾಹ್ನವೂ ನೆಲದ ಮೇಲೆ ಬಿಸಿಲು ಚೂರುಚೂರಾಗಿ ಬಿದ್ದಿರುತ್ತಿತ್ತು. ಕೆಳಗೆ ಇಳಿದ ಹಾಗೆ ನೀರಿನ ಸದ್ದು ಮಾತನ್ನು ನುಂಗಿತು. ನಮ್ಮ ಗುಂಪಿನ ಹಿರಿಯಳು, ಊರಲ್ಲಿ ಒಂದು ಫರ್ಲಾಂಗು ನಡೆಯಲೂ ಜಟಕಾ ಕೇಳುತ್ತಿದ್ದವಳು, ಡೋಲಿಯವರನ್ನು ಬೈದು ಅಟ್ಟಿ, ಸೆರಗು ಸಿಕ್ಕಿಸಿ ಕೋಲೂರಿಕೊಂಡು ಹತ್ತಿದಳು. ಅರ್ಧಕ್ಕೆ ಕೂತು, ಎದುರಿನ ಬಂಡೆಗೋಡೆಯನ್ನು ತುಂಬ ಹೊತ್ತು ನೋಡಿ, ಇಷ್ಟು ಕಷ್ಟ ಕೊಡದಿದ್ದರೆ ದೇವರಿಗೆ ಬೆಲೆ ಎಲ್ಲಿ ಎಂದು ಗೊಣಗಿದ್ದು ನನಗಷ್ಟೇ ಕೇಳಿಸಿತು.

ಸೇತುವೆ ಅದೇ ದಶಕದಲ್ಲಿ ಆಯಿತು. ನೋಡಲೇಬೇಕಾದ ಸೇತುವೆ, ಅದರ ಮೇಲೆ ನಿಂತು ಕೆಳಗೆ ಬಗ್ಗಿದರೆ ಈಗಲೂ ಹೊಟ್ಟೆಯಲ್ಲಿ ತಳಮಳ. ಕಾರಿನಲ್ಲಿ ಅದನ್ನು ದಾಟಲು ಒಂದು ನಿಮಿಷವೂ ಬೇಡ. ಸೇತುವೆ ಬೇಡವಾಗಿತ್ತು ಎನ್ನುವಷ್ಟು ದಡ್ಡತನ ನನಗಿಲ್ಲ. ಬಾಣಂತಿಯನ್ನು ಹೊತ್ತು ಆ ಕೊರಕಲಲ್ಲಿ ಇಳಿದವರನ್ನು ಕೇಳಿ ನೋಡಿ. ಕಳೆದುಹೋದದ್ದು ಬೇರೆ. ಆ ಪರ್ವತಶ್ರೇಣಿಯ ಅಳತೆ ನಮ್ಮ ಕಾಲಿಗೆ ಗೊತ್ತಿತ್ತು. ಅದರ ಎತ್ತರ ಮೊಣಕಾಲಿನಲ್ಲಿ, ಅದರ ಗಾಳಿ ಎದೆಯಲ್ಲಿ ದಾಖಲಾಗುತ್ತಿತ್ತು. ಈಗ ಹೃಷೀಕೇಶದಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಹತ್ತು ಸಾವಿರ ಅಡಿ ಎತ್ತರದ ಗಂಗೋತ್ರಿಯಲ್ಲಿ ಇಳಿದವರು ತಲೆನೋವೆಂದು ಮಾತ್ರೆ ನುಂಗಿ ಮಲಗುತ್ತಾರೆ.

ಗಂಗೋತ್ರಿಯ ದೇವಸ್ಥಾನವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಟ್ಟಿಸಿದವನು ಗೂರ್ಖಾ ದಂಡನಾಯಕ ಅಮರಸಿಂಗ್ ಥಾಪಾ. ಅಕ್ಷಯ ತದಿಗೆಗೆ ಬಾಗಿಲು ತೆರೆದರೆ ದೀಪಾವಳಿ ಆದೊಡನೆ ಮುಚ್ಚುತ್ತದೆ. ಚಳಿಗಾಲದಲ್ಲಿ ಗಂಗೆಯ ಉತ್ಸವಮೂರ್ತಿ ಕೆಳಗಿನ ಮುಖ್ಬಾ ಊರಿಗೆ ಹೋಗುತ್ತದೆ. ಗುಡಿಯಿಂದ ತುಸು ಕೆಳಗೆ ಸೂರ್ಯಕುಂಡದಲ್ಲಿ ನದಿ ನಸುಗೆಂಪು, ಬಿಳಿ ಬಂಡೆಗಳನ್ನು ನುಣ್ಣಗೆ ಕಡೆದು ಧುಮುಕುತ್ತದೆ. ನನಗೆ ದೇವಸ್ಥಾನಕ್ಕಿಂತ ಆ ಬಂಡೆಗಳ ಮುಂದೆಯೇ ಕೈ ಮುಗಿಯುವ ಮನಸ್ಸಾದದ್ದು. ಅಜ್ಜಿಯರನ್ನು ಧರ್ಮಶಾಲೆಯಲ್ಲಿ ಬಿಟ್ಟು, ಸಾಧುವೊಬ್ಬರ ಬೆನ್ನು ಹತ್ತಿ ಗೋಮುಖಕ್ಕೆ ಹೊರಟೆ.

ಹದಿನೆಂಟು ಕಿಲೋಮೀಟರ್ ದಾರಿ. ಮೊದಲ ಒಂಬತ್ತು ಕಿಲೋಮೀಟರಿಗೆ ಚೀಡ್ಬಾಸಾ, ಪೈನ್ ಮರಗಳ ಠಾವು. ಇನ್ನೈದು ನಡೆದರೆ ಭೋಜ್ಬಾಸಾ. ಭೋಜ ಅಂದರೆ ನಮ್ಮ ಪುರಾಣಗಳ ಭೂರ್ಜ. ತೊಗಟೆ ಪದರ ಪದರವಾಗಿ ಕಾಗದದಂತೆ ಬಿಚ್ಚಿಕೊಳ್ಳುವ ಮರ. ದಕ್ಷಿಣದವರು ತಾಳೆಗರಿಯಲ್ಲಿ ಕೊರೆದದ್ದನ್ನು ಕಾಶ್ಮೀರದವರು ಈ ತೊಗಟೆಯ ಮೇಲೆ ಮಸಿಯಿಂದ ಬರೆದರು. ಮರಗಳ ರಾಜ್ಯ ಮುಗಿಯುವ ಗಡಿಯಲ್ಲಿ ನಿಲ್ಲುವ ಕೊನೆಯ ಮರ ಇದು, ಹಿಮದ ಭಾರಕ್ಕೆ ಬುಡ ಬಾಗಿ, ತುದಿ ಮತ್ತೆ ಮೇಲಕ್ಕೆ ತಿರುಗಿ. ನಾನು ಹೋದಾಗಲೇ ಭೋಜ್ಬಾಸಾದಲ್ಲಿ ಹೆಸರಿನಲ್ಲಿದ್ದಷ್ಟು ಮರ ನೆಲದ ಮೇಲೆ ಇರಲಿಲ್ಲ. ದಾರಿಯುದ್ದಕ್ಕೂ ಚಹಾದ ಡೇರೆಗಳು, ಒಲೆಗಳು. ಒಲೆಯಲ್ಲಿ ಉರಿಯುತ್ತಿದ್ದದ್ದು ಭೋಜದ ಕೊಂಬೆ. ಚೆನ್ನಾಗಿ ಉರಿಯುತ್ತದೆ, ಹಸಿಯಿದ್ದರೂ. ಚಳಿಯಲ್ಲಿ ನಡುಗುತ್ತಾ ಬಂದ ನಾನೂ ಆ ಬೆಂಕಿಗೆ ಕೈಯೊಡ್ಡಿ ಸುಖಪಟ್ಟೆ. ಲಾಲ್ ಬಾಬಾ ಆಶ್ರಮದಲ್ಲಿ ರಾತ್ರಿ ಖಿಚಡಿ, ಎರಡು ಕಂಬಳಿ. ಯಾರ ಹೆಸರೂ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ.

ಆ ಬೋಳಾದ ಇಳಿಜಾರಿನಲ್ಲಿ ಮತ್ತೆ ಭೋಜ ನೆಡಲು ಹೊರಟ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಹರ್ಷವಂತಿ ಬಿಷ್ಟ್. 1981ರಲ್ಲಿ ನಂದಾದೇವಿ ಶಿಖರ ಏರಿದ ಪರ್ವತಾರೋಹಿ, ವೃತ್ತಿಯಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿ. ತೊಂಬತ್ತರ ದಶಕದಲ್ಲಿ ಚೀಡ್ಬಾಸಾದ ಹತ್ತಿರ ಸಸಿಮಡಿ ಮಾಡಿ, ಭೋಜ್ಬಾಸಾದಲ್ಲಿ ಬೇಲಿ ಹಾಕಿ ಸಾವಿರಾರು ಸಸಿ ನೆಟ್ಟರು. ವರ್ಷದ ಅರ್ಧ ಭಾಗ ಹಿಮದಡಿ ಇರುವ ನೆಲದಲ್ಲಿ ಗಿಡ ಬೆಳೆಸುವುದೆಂದರೆ ನಮ್ಮ ಮಲೆನಾಡಿನ ವನಮಹೋತ್ಸವದ ಲೆಕ್ಕವಲ್ಲ. ಇಲ್ಲಿ ಕೋಲು ನೆಟ್ಟರೂ ಚಿಗುರುತ್ತದೆ, ಅಲ್ಲಿ ಮೊಣಕಾಲೆತ್ತರ ಬರಲು ವರ್ಷಗಳು. ಬಳಿಕ ನಾನು ಹೋದಾಗ ಬೇಲಿಯೊಳಗೆ ಆ ಎಳೆಯ ತೊಗಟೆಯ ಬಿಳುಪು ನೋಡಿದೆ. ಇಡೀ ದಾರಿಯಲ್ಲಿ ಹಿಂದಿಗಿಂತ ಹೆಚ್ಚಾಗಿದ್ದ ಒಂದೇ ವಸ್ತು ಅದು. 2021ರಲ್ಲಿ ಅವರು ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಪತ್ರಿಕೆಗಳು ಬರೆದದ್ದು ಶಿಖರದ ಬಗ್ಗೆ. ನಾನಾಗಿದ್ದರೆ ಸಸಿಗಳ ಬಗ್ಗೆ ಬರೆಯುತ್ತಿದ್ದೆ.

ಭೋಜ್ಬಾಸಾದ ಆಚೆ ಮರವಿಲ್ಲ. ಎದುರಿಗೆ ಭಾಗೀರಥಿಯ ಮೂರು ಶಿಖರಗಳು, ಅತಿ ಎತ್ತರದ್ದು 6856 ಮೀಟರ್. ಬೆಳಗಿನ ಬಿಸಿಲಿಗೆ ಅವುಗಳ ಮೈ ದಂತದ ಬಣ್ಣಕ್ಕೆ ತಿರುಗುತ್ತದೆ. ಅದು ಹಿಮಾಲಯ ಏಳುವಾಗ ಆಳದಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ ಗ್ರ್ಯಾನೈಟ್, ಎರಡು ಕೋಟಿ ವರ್ಷಗಳ ಚಿಲ್ಲರೆ ವಯಸ್ಸು. ಮೂರನೇ ಶಿಖರದ ನೆತ್ತಿಯ ಮೇಲೆ ಮಾತ್ರ ಹಳೆಯ ಕಪ್ಪು ಕಲ್ಲಿನ ಟೋಪಿ ಹಾಗೇ ಉಳಿದಿದೆ. ಇನ್ನೂ ಮುಂದೆ ಹೋದರೆ ಬಲಗಡೆ ಶಿವಲಿಂಗ ಶಿಖರ ತಲೆಯೆತ್ತುತ್ತದೆ, 6543 ಮೀಟರ್. ಒಂದು ಕಡೆಯಿಂದ ನೋಡಿದರೆ ಲಿಂಗ, ಇನ್ನೊಂದು ಕಡೆಯಿಂದ ಬಾಣದ ಮೊನೆ. ಬಂಡೆಗಳ ನಡುವೆ ಭರಲ್ ಎಂಬ ನೀಲಿ ಕುರಿಗಳು ಮನುಷ್ಯರನ್ನು ಲೆಕ್ಕಕ್ಕಿಡದೆ ಮೇಯುತ್ತಿರುತ್ತವೆ.

ಗೋಮುಖ ಮೊದಲ ನೋಟಕ್ಕೆ ನಿರಾಸೆ ಮಾಡಿತು. ಕ್ಯಾಲೆಂಡರಿನ ಬೆಳ್ಳನೆ ಹಿಮ ಎಲ್ಲಿಯೂ ಇಲ್ಲ. ಬೂದು ಬಣ್ಣದ ಕಲ್ಲು, ಮಣ್ಣು, ಧೂಳಿನ ದೊಡ್ಡ ದಿಬ್ಬ. ಹತ್ತಿರ ಹೋದಾಗಲೇ ತಿಳಿದದ್ದು ಆ ದಿಬ್ಬವೇ ಹಿಮನದಿ, ಕಲ್ಲುಮಣ್ಣು ಅದರ ಬೆನ್ನ ಮೇಲಿನ ಹೊರೆ ಎಂದು. ಎರಡೂ ಬದಿಯ ಬೆಟ್ಟಗಳಿಂದ ಉದುರಿದ್ದನ್ನೆಲ್ಲ ಹೊತ್ತು ತಂದು ಮೂತಿಯಲ್ಲಿ ಸುರಿಯುತ್ತಾ ಅದು ಮೆಲ್ಲಗೆ ಚಲಿಸುತ್ತಲೇ ಇರುತ್ತದೆ. ಮೇಲೆ ಹಿಮ ಬಿದ್ದು ಒತ್ತಿ ಗಟ್ಟಿಯಾದಷ್ಟು ಕೆಳಗೆ ಕರಗಿದರೆ ಮೂತಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ಕರಗುವುದು ಹೆಚ್ಚಾದರೆ, ಮುಂದಕ್ಕೆ ಹರಿಯುತ್ತಿದ್ದರೂ ಹಿಂದಕ್ಕೆ ಸರಿಯುತ್ತದೆ. ಮೂತಿಯ ಮುರಿದ ಗೋಡೆಯಲ್ಲಿ ಮಾತ್ರ ಒಳಗಿನ ಮಂಜು ಕಂಡಿತು. ಗಾಜಿನ ಹಸಿರೂ ಅಲ್ಲದ, ಆಕಾಶದ ನೀಲಿಯೂ ಅಲ್ಲದ ಒಂದು ಬಣ್ಣ. ಅದರಡಿಯ ಗವಿಯಿಂದ ಹಾಲಿಗೆ ಬೂದಿ ಕಲಸಿದಂಥ ನೀರು, ಮಂಜುಗಡ್ಡೆಯ ತುಂಡುಗಳನ್ನು ಉರುಳಿಸುತ್ತಾ. ಬಂಡೆಗೆ ಬಂಡೆ ತೀಡಿದ ಹಿಟ್ಟು ಆ ಬೂದಿ. ಬಯಲಿಗೆ ಇಳಿದ ಮೇಲೆ ಉತ್ತರ ಪ್ರದೇಶದ, ಬಿಹಾರದ ಹೊಲಗಳ ಮಣ್ಣಾಗುವುದು ಅದೇ.

ಬರುವ ದಾರಿಯ ಬಂಡೆಗಳ ಮೇಲೆ ಬಣ್ಣದಲ್ಲಿ ಇಸವಿ ಬರೆದಿರುತ್ತಾರೆ, ಹಿಮನದಿಯ ಮೂತಿ ಇಂಥ ವರ್ಷ ಇಲ್ಲಿತ್ತು ಎಂದು. ಮೊದಲ ಸಲ ಅವುಗಳ ಕಡೆ ಲಕ್ಷ್ಯ ಹೋಗಲಿಲ್ಲ. ಆಮೇಲಿನ ಯಾತ್ರೆಯಲ್ಲಿ ನಾನು ನಿಂತದ್ದೇ ಅವುಗಳ ಮುಂದೆ. ನಾನು ಬೋರಲು ಮಲಗಿ ನೀರು ಕುಡಿದ ದಂಡೆ, ಸಾಧು ಕೂತು ಜಪ ಮಾಡಿದ ಕಲ್ಲು, ನಾವು ನೋಡಿದ ನೀಲಿ ಗೋಡೆ, ಇವೆಲ್ಲ ಇದ್ದಲ್ಲಿ ಈಗ ಬರೀ ಕಲ್ಲುಚೆಲ್ಲಿದ ಬಯಲು. ನದಿ ನಡುವೆ ಕವಲೊಡೆದು ಹರಿಯುತ್ತಿದೆ. ಗೋಮುಖ ಅಲ್ಲಿಂದ ಎದ್ದುಹೋಗಿದೆ. ಹೋದ ಜಾಗದಲ್ಲೂ ಆಕಾರ ಉಳಿಸಿಕೊಂಡಿಲ್ಲ. 2016ರ ಮಳೆಗಾಲದಲ್ಲಿ ಮೂತಿಯ ದೊಡ್ಡ ಭಾಗ ಕಳಚಿ ಬಿತ್ತು. ಮರು ವರ್ಷ ಪಕ್ಕದ ಮೇರು ಹಿಮನದಿಯ ಕಡೆಯಿಂದ ಬಂದ ಕಲ್ಲುಮಣ್ಣು ನದಿಯ ಬಾಯನ್ನೇ ಬದಲಿಸಿತು. ಹಿಂದೆ ಚತುರಂಗಿ, ರಕ್ತವರ್ಣದಂಥ ಹಿಮನದಿಗಳು ಬಂದು ಮುಖ್ಯ ಹಿಮನದಿಯನ್ನು ಕೂಡಿಕೊಳ್ಳುತ್ತಿದ್ದವು. ಈಗ ಅವು ಕುಗ್ಗಿ, ದೂರದಲ್ಲೇ ನಿಂತು, ನೀರನ್ನು ಮಾತ್ರ ಕಳಿಸುತ್ತವೆ. ಕೂಡುಕುಟುಂಬ ಪಾಲಾದ ಕತೆ.

ಇಲ್ಲಿ ಒಂದು ಮಾತು. ಹಿಮನದಿ ಹೋದರೆ ಗಂಗೆಯೇ ಬತ್ತುತ್ತಾಳೆ ಎಂಬ ಕೂಗನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಹರಿದ್ವಾರದಿಂದ ಕೆಳಗೆ ಗಂಗೆಯನ್ನು ತುಂಬಿಸುವುದು ಹೆಚ್ಚಾಗಿ ಮುಂಗಾರು ಮಳೆ, ಉಪನದಿಗಳು, ಅಂತರ್ಜಲ. ಹಿಮ ಕರಗಿದ ನೀರಿನ ಪಾಲು ದೊಡ್ಡದಿರುವುದು ಮೇಲಿನ ಕಣಿವೆಗಳಲ್ಲಿ, ಮಳೆಯಿಲ್ಲದ ಬೇಸಿಗೆಯಲ್ಲಿ. 2035ಕ್ಕೆ ಹಿಮಾಲಯದ ಹಿಮನದಿಗಳೆಲ್ಲ ಮಾಯ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2007ರ ವರದಿಯಲ್ಲಿ ಬರೆದು, 2010ರಲ್ಲಿ ತಪ್ಪಾಯಿತೆಂದು ಹಿಂತೆಗೆದುಕೊಂಡಿತು. ಆ ತಪ್ಪನ್ನು ಹಿಡಿದುಕೊಂಡು ಏನೂ ಆಗಿಲ್ಲ ಎಂದು ವಾದಿಸುವವರು ಹುಟ್ಟಿಕೊಂಡರು. ಅವರನ್ನು ಆ ಇಸವಿ ಬರೆದ ಬಂಡೆಗಳ ಹತ್ತಿರ ಕರೆದುಕೊಂಡು ಹೋಗಬೇಕು. ಮೂವತ್ತು ಕಿಲೋಮೀಟರಿನ ಮಂಜು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದ್ದೀತು. ಆದರೆ ಮೂತಿ ಹಿಂದೆ ಸರಿಯುವುದು ಕಣ್ಣಿಗೆ ಕಾಣುವ ನಷ್ಟ ಮಾತ್ರ. ದಪ್ಪ ತೆಳುವಾಗುವುದು ಕಾಣದು.

ಇದನ್ನೆಲ್ಲ ಕಣ್ಣಾರೆ ಕಂಡು ಚಿತ್ರವಾಗಿ ಇಟ್ಟುಕೊಂಡವರು ಸ್ವಾಮಿ ಸುಂದರಾನಂದ. ಆಂಧ್ರದ ಹುಡುಗ, ಹಿಮಾಲಯಕ್ಕೆ ಓಡಿಹೋಗಿ ಕೇರಳದಿಂದ ಬಂದಿದ್ದ ತಪೋವನ ಮಹಾರಾಜರ ಶಿಷ್ಯರಾದರು. ಗಂಗೋತ್ರಿಯ ಕುಟೀರದಲ್ಲಿ ಕೂತು ದಶಕಗಳ ಕಾಲ ಕ್ಯಾಮೆರಾ ಹಿಡಿದರು. ಕಾವಿ ಬಟ್ಟೆ, ಹೆಗಲಲ್ಲಿ ಕ್ಯಾಮೆರಾ. ಲಕ್ಷ ದಾಟಿದ ಫೋಟೋಗಳು. ಹಿಮನದಿ ಸಾಯುತ್ತಿದೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದಾಗ ವಿಜ್ಞಾನಿಗಳಿಗೇ ಅದು ದೊಡ್ಡ ವಿಷಯವಾಗಿರಲಿಲ್ಲ. 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಚಿತ್ರಶಾಲೆ ಗಂಗೋತ್ರಿಯಲ್ಲಿದೆ. ದೇವಸ್ಥಾನಕ್ಕೆ ಓಡುವ ಯಾತ್ರಿಕರಲ್ಲಿ ಎಷ್ಟು ಜನ ಒಳಗೆ ಹೋಗುತ್ತಾರೋ.

ಕೆಳಗಿನ ಹರ್ಸಿಲ್ ಕಣಿವೆಯ ಕತೆ ಬೇರೆ ಬಗೆಯದು. ಅಲ್ಲಿ ಕರಗಿದ್ದು ಮರ ಮತ್ತು ಮನುಷ್ಯರು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷರವನು ಟೆಹ್ರಿಯ ರಾಜನಿಂದ ಕಾಡನ್ನು ಗುತ್ತಿಗೆ ಹಿಡಿದ. ದೇವದಾರುಗಳನ್ನು ಕಡಿದು ಭಾಗೀರಥಿಯಲ್ಲಿ ತೇಲಿಬಿಟ್ಟು ರೈಲಿನ ಸ್ಲೀಪರುಗಳಾಗಿ ಮಾರಿ ಶ್ರೀಮಂತನಾದ. ಸೇಬನ್ನು ತಂದು ನೆಟ್ಟವನೂ ಅವನೇ, ಅಲ್ಲಿನ ಜನ ಈಗಲೂ ಸೇಬಿನ ಜೊತೆ ಅವನ ಹೆಸರು ಹೇಳುತ್ತಾರೆ. ಹರ್ಸಿಲಿನ ಪಕ್ಕದ ಬಗೋರಿಯಲ್ಲಿ ಜಾಡ್ ಜನ ಇದ್ದಾರೆ. ಮೇಲಿನ ನೇಲಂಗ್, ಜಾಡುಂಗ್ ಊರುಗಳವರು. ಟಿಬೆಟ್ಟಿನಿಂದ ಉಪ್ಪು, ಉಣ್ಣೆ ತಂದು ಧಾನ್ಯಕ್ಕೆ ಬದಲಾಯಿಸುತ್ತಿದ್ದವರು. ಬಂಡೆಯ ಎದೆಗೆ ಮರದ ಹಲಗೆ ಹೊಡೆದು ಮಾಡಿದ ಗರ್ತಾಂಗ್ ಗಲ್ಲಿ ಎಂಬ ತೂಗುದಾರಿ ಆ ವ್ಯಾಪಾರದ್ದೇ. 1962ರ ಯುದ್ಧ ಬಂದು ಎರಡೂ ಊರು ಖಾಲಿ ಮಾಡಿಸಿದರು. ಗಡಿ ಮುಚ್ಚಿತು, ಹಲಗೆಗಳು ಕೊಳೆತವು. 2021ರಲ್ಲಿ ಆ ದಾರಿಯನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ತೆರೆದರು. ಬಗೋರಿಯ ಒಬ್ಬ ಮುದುಕ, ನೂಲು ಸುತ್ತುತ್ತಲೇ, ನಮ್ಮಪ್ಪ ಉಪ್ಪಿನ ಮೂಟೆ ಹೊತ್ತ ಕುರಿಗಳನ್ನು ಹೊಡೆದುಕೊಂಡು ಹೋದ ದಾರಿಗೆ ಈಗ ಟಿಕೆಟ್ಟು ಎಂದು ನಕ್ಕ.

ಕನ್ನಡದ ನಂಟು ಇರುವುದು ಈ ಬೆಟ್ಟಗಳ ಆಚೆ ಮಗ್ಗುಲಿಗೆ. ಕೇದಾರನಾಥ ಶಿಖರದ ಉತ್ತರದ ಹಿಮ ಗಂಗೋತ್ರಿಯ ಕಡೆ ಇಳಿದರೆ ದಕ್ಷಿಣದ್ದು ಚೋರಾಬಾರಿ ಹಿಮನದಿಯಾಗಿ ಕೇದಾರ ದೇವಾಲಯದ ಬೆನ್ನಿಗೆ ಬರುತ್ತದೆ. ಆ ದೇವಾಲಯದ ರಾವಲರು, ಅರ್ಚಕರು ಪರಂಪರೆಯಿಂದ ನಮ್ಮ ಕಡೆಯ ವೀರಶೈವರು. ಚಳಿಗಾಲದ ಪೂಜೆ ನಡೆಯುವ ಊಖೀಮಠದಲ್ಲಿ, ಹಿಂದಿ ಹುಡುಕುತ್ತಾ ತಡವರಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಎಲ್ಲಿಂದಲೋ ಯಾವೂರಮ್ಮ ನಿಮ್ಮದು ಎಂಬ ಅಪ್ಪಟ ಉತ್ತರ ಕರ್ನಾಟಕದ ರಾಗ ಕೇಳಿ ಕಣ್ಣಲ್ಲಿ ನೀರು ಬಂದಿತ್ತು. 2013ರ ಜೂನ್ 17ರಂದು ಚೋರಾಬಾರಿಯ ಮೂತಿಯ ಪಕ್ಕದ ಕೆರೆ, ಹಿಮನದಿ ಬಿಟ್ಟುಹೋಗಿದ್ದ ಕಲ್ಲುದಿಬ್ಬದ ಏರಿಯನ್ನು ಒಡೆದುಕೊಂಡು ಊರ ಮೇಲೆ ಬಂತು. ಸಾವಿರಾರು ಜನ ಹೋದರು. ಗುಡಿ ಉಳಿಯಿತು, ಹಿಂದೆ ಬಂದು ಅಡ್ಡ ನಿಂತ ಬಂಡೆಗೆ ಈಗ ಪೂಜೆ. ಹಿಮನದಿ ಸರಿದ ಜಾಗ ಬರಿದಾಗಿರುವುದಿಲ್ಲ. ಸಡಿಲ ಕಲ್ಲು, ಕೆರೆ, ಕೆಸರು ಬಿಟ್ಟು ಹೋಗಿರುತ್ತದೆ. ಅದು ಯಾವಾಗ ಇಳಿದೀತು ಎಂದು ಪಂಚಾಂಗ ಹೇಳದು.

ಭಾಗೀರಥಿಯ ಮೇಲಿನ ಕಣಿವೆಗೆ ಕಾವಲು ಹಾಕುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಪ್ರೊಫೆಸರ್ ಜಿ. ಡಿ. ಅಗರ್ವಾಲ್ ಉಪವಾಸ ಕೂತರು. ಲೋಹಾರಿನಾಗ್ ಪಾಲಾ ವಿದ್ಯುತ್ ಯೋಜನೆ 2010ರಲ್ಲಿ ರದ್ದಾಯಿತು. 2012ರಲ್ಲಿ ಗೋಮುಖದಿಂದ ಉತ್ತರಕಾಶಿಯವರೆಗಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿದರು. ಗೋಮುಖಕ್ಕೆ ದಿನಕ್ಕೆ 150 ಜನರಿಗಷ್ಟೇ ಪರವಾನಗಿ. ಅಗರ್ವಾಲರು ಸನ್ಯಾಸ ತೆಗೆದುಕೊಂಡು ಗಂಗೆಗಾಗಿ ಮತ್ತೆ ಉಪವಾಸ ಹಿಡಿದು 2018ರ ಅಕ್ಟೋಬರಿನಲ್ಲಿ ಪ್ರಾಣ ಬಿಟ್ಟರು. ಆ ಹೊತ್ತಿಗೆ ಚಾರ್‌ಧಾಮ್ ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿತ್ತು.

ಹರ್ಸಿಲಿಗೂ ಗಂಗೋತ್ರಿಗೂ ನಡುವೆ, ನದಿಯ ದಂಡೆಯಲ್ಲಿ ಧರಾಲಿ. ಎದುರು ದಡದಲ್ಲಿ, ಇಳಿಜಾರಿನ ಎತ್ತರದಲ್ಲಿ, ಚಳಿಗಾಲಕ್ಕೆ ಗಂಗೆ ಬಂದು ಕೂರುವ ಮುಖ್ಬಾ. ನಾವು ಮೊದಲು ಹೋದಾಗ ಧರಾಲಿ ಎಂದರೆ ಕೆಲವು ಮರದ ಮನೆ, ಸೇಬಿನ ತೋಟ, ಅರ್ಧ ನೆಲದಲ್ಲಿ ಹೂತುಹೋಗಿದ್ದ ಕಲ್ಪಕೇದಾರ ಎಂಬ ಹಳೆಯ ಗುಡಿ. ಯಾವುದೋ ಕಾಲದ ನೆರೆ ಅದನ್ನು ಹೂತದ್ದು, ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕಿತ್ತು. ಅಜ್ಜಿಯರು ಇಳಿಯಲಾರೆವೆಂದು ಮೇಲಿನಿಂದಲೇ ಹೂವು ಎಸೆದರು. ರಸ್ತೆ ಅಗಲವಾದ ಹಾಗೆ ಊರೂ ಕೆಳಕ್ಕೆ ಇಳಿಯಿತು. ಖೀರ್ ಗಾಡ್ ಹಳ್ಳ ಹಿಂದಿನ ನೆರೆಗಳಲ್ಲಿ ತಂದು ಹರಡಿದ್ದ ಮಟ್ಟಸ ನೆಲದ ಮೇಲೆ ಮೂರು ನಾಲ್ಕು ಮಹಡಿಯ ಹೋಟೆಲುಗಳು, ಹೋಮ್‌ಸ್ಟೇಗಳು ಎದ್ದವು. ಕೊನೆಯ ಸಲ ನಾನು ಉಳಿದದ್ದೂ ಅಂಥದ್ದೊಂದರಲ್ಲೇ. ಕಿಟಕಿಯಿಂದ ನದಿ ಕಾಣುವ ರೂಮಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟಿದ್ದೆ.

2025ರ ಆಗಸ್ಟ್ 5ರ ಮಧ್ಯಾಹ್ನ ಖೀರ್ ಗಾಡ್ ಕೆಸರು, ಬಂಡೆ ಹೊತ್ತು ಇಳಿದು ಆ ಬಜಾರನ್ನು ಒಂದು ನಿಮಿಷದೊಳಗೆ ಒರೆಸಿಹಾಕಿತು. ಕಲ್ಪಕೇದಾರ ಮತ್ತೆ ನೆಲದಡಿಗೆ ಹೋಯಿತು. ದೇಶವೆಲ್ಲ ನೋಡಿದ ಆ ವಿಡಿಯೋಗಳನ್ನು ತೆಗೆದದ್ದು ಎದುರಿನ ಮುಖ್ಬಾದ ಜನ. ನಾನದನ್ನು ಮೊದಲು ಶಬ್ದ ತೆಗೆದು ನೋಡಿದೆ, ಆಮೇಲೆ ಶಬ್ದ ಹಾಕಿ. ಕೂಗುತ್ತಿದ್ದಾರೆ, ಓಡಿ ಓಡಿ ಎನ್ನುತ್ತಿದ್ದಾರೆ, ಕಿವಿಗಡಚಿಕ್ಕುವ ಹಾಗೆ ಸಿಳ್ಳೆ ಹೊಡೆಯುತ್ತಿದ್ದಾರೆ. ಕೆಳಗೆ ಚುಕ್ಕಿಗಳಂತೆ ಕೆಲವರು ಓಡುತ್ತಾರೆ. ಒಬ್ಬಿಬ್ಬರು ದಿಕ್ಕು ತಿಳಿಯದೆ ನದಿಯ ಕಡೆಗೇ ಓಡುತ್ತಾರೆ. ನಾನು ಉಳಿದಿದ್ದ ಕಟ್ಟಡ ಯಾವುದೆಂದು ಆ ಚಿತ್ರದಲ್ಲಿ ಎಷ್ಟು ಹುಡುಕಿದರೂ ಗುರುತು ಹತ್ತಲಿಲ್ಲ. ಮುಖ್ಬಾದ ಮರದ ಮನೆಗಳು ಮಾತ್ರ ಇನ್ನೂ ಆ ಎತ್ತರದಲ್ಲೇ ಇವೆ. ಊರು ಕಟ್ಟುವಾಗ ಅವರ ಮುತ್ತಜ್ಜಂದಿರು ದಿನವೂ ನೀರಿಗೆ ಅಷ್ಟು ದೂರ ಇಳಿದು ಹತ್ತಲು ಒಪ್ಪಿಕೊಂಡಿದ್ದರು.